ನಮ್ಮ ಮೀನು ಸೌಖ್ಯವಾಗಿದೆ

ನಗರಸಭೆಯ ಪರವಾನಗಿ ಅಧಿಕಾರಿಗಳೇ,

ಮೊದಲಿಗೆ ಶುಭ ಸಮಾಚಾರ: ನಮ್ಮ ಮೀನು ಸೌಖ್ಯವಾಗಿದೆ. ಸತ್ತಿರುವುದು ನಾಯಿಮರಿ. ತಮ್ಮ ಕಚೇರಿಯ ಪ್ರಕಾರ ಆ ಮರಿಯನ್ನು ನಮಗೆ ಯಾರೂ ಮಾರಿಯೇ ಇಲ್ಲವಾದ್ದರಿಂದ ಅದರ ಸಾವಿಗೆ ಯಾರೂ ಹೊಣೆಯಲ್ಲ. ಇಷ್ಟು ಅಚ್ಚುಕಟ್ಟಾದ ಆಡಳಿತವನ್ನು ಮನೆಯೊಳಗೇ ಹೊಗಳಿದರೆ ಸಾಲದೆಂದು ನಾಲ್ಕು ಜನ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಅಂಗಡಿಗಳಲ್ಲಿ ನಾಯಿ, ಬೆಕ್ಕುಗಳನ್ನು ಮಾರಕೂಡದೆಂದು ತಾವು ಕಳೆದ ವರ್ಷ ನಿಯಮ ತಂದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ನನ್ನ ಕನ್ನಡಕದ ಅಂಗಡಿಯ ಎದುರಿಗೇ ಸಾಕುಪ್ರಾಣಿಗಳ ಅಂಗಡಿ. ಬಿಸಿಲಿಗೆ ಕಾದ ಗಾಜಿನ ಹಿಂದೆ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿರುವುದನ್ನು ದಿನವೂ ನೋಡುತ್ತಿದ್ದೆ. ನಿಯಮ ಬಂತು, ಗಾಜಿನ ಹಿಂದೆ ಮೀನಿನ ತೊಟ್ಟಿಗಳು ಬಂದವು. ಸದ್ಯ, ಮರಿಗಳ ಕಷ್ಟ ಕಳೆಯಿತು ಅಂದುಕೊಂಡೆ. ಅವು ತೊಟ್ಟಿಗಳ ಹಿಂದಿನ ಕೋಣೆಗೆ ಹೋಗಿದ್ದವಷ್ಟೆ ಎಂಬುದು ನನಗೆ ಗೊತ್ತಾದದ್ದು ನನ್ನ ಅಕ್ಕನಿಂದ.

ಅಕ್ಕ ನನ್ನ ಜೊತೆಯಲ್ಲೇ ಇರುವವಳು, ಬಾಯಿ ಸ್ವಲ್ಪ ಜೋರು. "ನಾಯಿ ಒಳಗೆ ಬಂದ್ರೆ ನಾನು ಆಚೆ" ಎಂದು ಜೀವಮಾನವಿಡೀ ಹೇಳಿಕೊಂಡು ಬಂದವಳು. ನನಗೆ ಮಧ್ಯಾಹ್ನದ ಊಟ ತಂದವಳು ಎದುರಂಗಡಿಯ ಮೀನು ನೋಡಲು ಹೋದಳಂತೆ, ಒಳಗಿನಿಂದ ಕುಂಯ್ ಅಂದದ್ದು ಕೇಳಿಸಿತಂತೆ. "ನಾಯಿ ಮಾರೋ ಹಾಗಿಲ್ಲ ಅಮ್ಮಾ, ನಿಷೇಧ" ಎಂದನಂತೆ ಕಾನೂನುಪಾಲಕನಾದ ಅಂಗಡಿಯವನು. "ನೀವು ಈ ಕೆಂಪು ಮೀನು ತಗೊಳ್ಳಿ. ಮರಿ ನಮ್ಮ ಕಡೆಯಿಂದ ಉಡುಗೊರೆ." ಬೆರಳುದ್ದದ ಆ ಮೀನಿಗೆ ಕೊಟ್ಟ ಹಣದಲ್ಲಿ ಒಂದು ಹೊಲಿಗೆ ಯಂತ್ರ ಬರುತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸೆರಗಿನೊಳಗೆ ಮರಿಯನ್ನೂ ಕೈಯಲ್ಲಿ ಮೀನಿನ ಚೀಲವನ್ನೂ ಹಿಡಿದು ಬಂದ ಅಕ್ಕ, "ಏನೂ ಮಾತಾಡಬೇಡ" ಎಂದಳು. ನಾನು ಮೀನಿಗೊಂದು ಜಾಡಿ ಹುಡುಕಿದೆ.

ಮರಿಗೆ ಬಂದಾಗಿನಿಂದಲೂ ಕೆಮ್ಮು. ಪಶುವೈದ್ಯರು ಲಸಿಕೆಯ ಚೀಟಿ ಕೇಳಿದರು. ಮಾರಿದ ಪ್ರಾಣಿಗಾದರೆ ಚೀಟಿ ಕೊಡಬೇಕಂತೆ, ಕಾಯಿಲೆ ಬಿದ್ದರೆ ಅಂಗಡಿಯವನೇ ನೋಡಿಕೊಳ್ಳಬೇಕಂತೆ. ಉಡುಗೊರೆಗೆ ಅದೆಲ್ಲ ಎಲ್ಲಿಯದು? ಆ ವಾರವಿಡೀ ಅಕ್ಕ ಅದನ್ನು ಮಡಿಲಿನಿಂದ ಇಳಿಸಲಿಲ್ಲ. "ಉಸಿರು ಎಳೆಯೋಕೇ ಆಗ್ತಿಲ್ಲ ಕಣೋ ಇದಕ್ಕೆ" ಎಂದು ನನ್ನ ಮೇಲೆ ರೇಗಿದಳು. ಬೇರೆ ಯಾರ ಮೇಲೆ ರೇಗುತ್ತಾಳೆ ಪಾಪ? ಮರಿ ಅವಳ ಮಡಿಲಲ್ಲೇ ಹೋಯಿತು.

ತಮ್ಮ ಕಚೇರಿಗೆ ದೂರು ಕೊಟ್ಟೆ. ತಮ್ಮ ಪರಿವೀಕ್ಷಕರು ಬಿಲ್ಲು ನೋಡಿ, "ನೀವು ತಗೊಂಡಿರೋದು ಮೀನಲ್ವಾ ಸಾರ್? ಮೀನು ಚೆನ್ನಾಗಿದೆಯಾ?" ಎಂದರು. ಚೆನ್ನಾಗಿದೆ ಎಂದೆ. "ಮತ್ತೆ ದೂರು ಏನು?" ಹಿಂದಿನ ಕೋಣೆಯಲ್ಲಿ ಇನ್ನೂ ಮರಿಗಳಿವೆ, ಬಂದು ನೋಡಿ ಎಂದರೆ, "ಅದು ಹೇಗಿರುತ್ತೆ? ನಿಷೇಧ ಆಗಿದೆಯಲ್ಲ!" ಎಂದು ನನಗೇ ಬುದ್ಧಿ ಹೇಳಿದರು. ಆಹಾ! ಕಳ್ಳತನಕ್ಕೂ ನಿಷೇಧವಿದೆ ಸ್ವಾಮೀ, ತಾವು ಮನೆಗೆ ಬೀಗ ಹಾಕುವುದಿಲ್ಲವೇ? ಆದರೂ ಒಮ್ಮೆ ಬಂದರು, ಅಂಗಡಿಗೆ ಮುಂಚಿತವಾಗಿ ಫೋನ್ ಮಾಡಿಯೇ ಬಂದರು. ಅವರು ಬರುವ ಮೊದಲು ಮರಿಗಳ ಬುಟ್ಟಿಗಳು ಹಿತ್ತಿಲ ಬಾಗಿಲಿನಿಂದ ವ್ಯಾನು ಹತ್ತಿದ್ದನ್ನು, ಅವರು ಹೋದಮೇಲೆ ಇಳಿದದ್ದನ್ನು ಪಕ್ಕದ ಓಣಿಯಲ್ಲಿ ನಿಂತು ನಾನು ಕಣ್ಣಾರೆ ಕಂಡೆ. ಪರಿವೀಕ್ಷಕರು ಮೀನುಗಳನ್ನು ಮೆಚ್ಚಿಕೊಂಡು ಹೋದರು.

ನನ್ನ ಬೇಡಿಕೆ ದೊಡ್ಡದಲ್ಲ. ಉಡುಗೊರೆಯ ಹೆಸರಿನಲ್ಲಿ ಕೊಟ್ಟದ್ದೂ ಮಾರಾಟವೇ ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿ. ಅದು ನಿಧಾನವಾದರೂ ಆಗಲಿ. ಅದಕ್ಕೂ ಮೊದಲು, ನಾಳೆಯೇ, ಫೋನ್ ಮಾಡದೆ ಬಂದು ತೊಟ್ಟಿಗಳ ಹಿಂದಿನ ಆ ಬಾಗಿಲು ತೆಗೆಸಿ. ಅಕ್ಕ ಈಗಲೂ ನನಗೆ ಊಟ ತರುತ್ತಾಳೆ. ತಂದಿಟ್ಟವಳೇ ಎದುರಂಗಡಿಯ ಪಕ್ಕದ ಓಣಿಗೆ ಹೋಗಿ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಾಳೆ. ಮೊದಲು ಮೂರು ಮರಿಗಳ ಕೆಮ್ಮು ಕೇಳುತ್ತಿತ್ತಂತೆ.

"ಇವತ್ತು ಎರಡೇ ಕಣೋ" ಎಂದಳು ನಿನ್ನೆ.

ಇಂತಿ,
ತಮ್ಮ ಕಡತದ ಪ್ರಕಾರ ಯಾವ ನಷ್ಟವನ್ನೂ ಅನುಭವಿಸದ,
ಒಂದು ಕೆಂಪು ಮೀನಿನ ಮನೆಯವನು