ಬಿದ್ದವರಿಗೆ ಮಾತ್ರ ಸೆನ್ಸರ್

ಆರೋಗ್ಯ ವಿಮಾ ಮಂಡಳಿಯ ಮುಖ್ಯ ವೈದ್ಯಾಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಕಣ್ಣಿಗೆ ಬೀಳಬೇಕಾದರೆ ನಾನು ಮೊದಲು ನೆಲಕ್ಕೆ ಬೀಳಬೇಕಂತೆ. ಅದೂ ಒಂದು ಸಲ ಬಿದ್ದರೆ ಸಾಲದು. ಒಂದೇ ವರ್ಷದಲ್ಲಿ ಎರಡು ಸಲ, ಪ್ರಜ್ಞೆ ತಪ್ಪಿ, ಆಸ್ಪತ್ರೆಗೆ ದಾಖಲಾಗುವಂತೆ ಬೀಳಬೇಕು. ಹಾಗೆ ಬಿದ್ದವರಿಗೆ ಮಾತ್ರ ಸಕ್ಕರೆಯ ಮಟ್ಟವನ್ನು ಹಗಲಿರುಳೂ ಅಳೆಯುವ ಸೆನ್ಸರ್ ಕೊಡುವುದೆಂದು ನಿಮ್ಮ ಮಂಡಳಿಯ ನಿಯಮ. ನಾನು ಬಿದ್ದಿಲ್ಲ. ಬೀಳದ ಹಾಗೆ ಜೀವ ಕೈಯಲ್ಲಿ ಹಿಡಿದು ಬದುಕಿದ್ದೇನೆ. ಆ ಅಪರಾಧಕ್ಕಾಗಿ ನನ್ನ ಅರ್ಜಿ ತಿರಸ್ಕೃತವಾಗಿದೆ.

ನಾನು ಸಲೂನಿನಲ್ಲಿ ಕೂದಲು ಕತ್ತರಿಸುವವಳು. ನನ್ನ ತಂಗಿ ಶಾಲೆಯಲ್ಲಿ ಗಣಿತ ಕಲಿಸುವವಳು. ಅಮ್ಮನೊಡನೆ ಒಂದೇ ಮನೆಯಲ್ಲಿ ಇದ್ದೇವೆ. ಇಬ್ಬರಿಗೂ ಲಂಗ ತೊಡುವ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಮೊದಲು ನನಗೆ, ಆಮೇಲೆ ಅವಳಿಗೆ. ನನ್ನ ಪುಸ್ತಕ, ನನ್ನ ಚಪ್ಪಲಿಗಳಂತೆ ಕಾಯಿಲೆಯನ್ನೂ ಅವಳು ನನ್ನಿಂದಲೇ ಬಳುವಳಿ ಪಡೆದಳು ಎಂದು ಅಮ್ಮ ನೊಂದುಕೊಂಡೇ ತಮಾಷೆ ಮಾಡುತ್ತಿದ್ದಳು. ನಮ್ಮಿಬ್ಬರ ದೇಹವೂ ಇನ್ಸುಲಿನ್ ತಯಾರಿಸುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಪಂಪ್ ಅದನ್ನು ಹನಿಹನಿಯಾಗಿ ಒಳಗೆ ಬಿಡುತ್ತದೆ. ಪಂಪ್‌ಗಳನ್ನು ನಿಮ್ಮ ಮಂಡಳಿಯೇ ಕೊಟ್ಟಿತು, ಅದಕ್ಕೆ ಋಣಿ. ಆದರೆ ಊಟಕ್ಕೆ ಕೂತಾಗ ಎಷ್ಟು ಹೆಚ್ಚುವರಿ ಹಾಕಬೇಕೆಂದು ಪಂಪ್‌ಗೆ ನಾವೇ ಹೇಳಬೇಕು. ಹೆಚ್ಚಾದರೆ ಸಕ್ಕರೆ ಕುಸಿದು ಕಣ್ಣು ಕತ್ತಲೆ, ಕಡಿಮೆಯಾದರೆ ಸಕ್ಕರೆ ಏರಿ ದಿನವಿಡೀ ಬಾಯಾರಿಕೆ, ತಲೆಭಾರ. ದಿನಕ್ಕೆ ಹಲವು ಸಲ ನಾವು ನಮ್ಮ ಪ್ರಾಣದ ಲೆಕ್ಕ ಹಾಕಿಕೊಂಡು ಉಣ್ಣುವವರು.

ತಂಗಿ ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಳು. ಒಮ್ಮೆ ಶಾಲೆಯ ಮೆಟ್ಟಿಲ ಮೇಲೆ, ಇನ್ನೊಮ್ಮೆ ಬಸ್ ನಿಲ್ದಾಣದಲ್ಲಿ ಬಿದ್ದಳು. ಸಕ್ಕರೆ ಇಳಿಯುವಾಗ ನನಗೆ ಕೈ ನಡುಗುತ್ತದೆ, ಬೆವರುತ್ತದೆ. ಅವಳಿಗೆ ಅಂಥ ಯಾವ ಮುನ್ಸೂಚನೆಯೂ ಇಲ್ಲ. ಹಾಗಾಗಿ ಅವಳ ತೋಳಿಗೆ ಬಿಲ್ಲೆಯಂಥ ಸೆನ್ಸರ್ ಬಂತು. ಪಕ್ಕದ ಮನೆಯವರ ಒಡವೆ ಕಂಡು ಕರುಬುವವರನ್ನು ನೀವು ನೋಡಿರಬಹುದು. ನಾನು ಒಡಹುಟ್ಟಿದವಳ ತೋಳಿನ ಪ್ಲಾಸ್ಟಿಕ್ ಬಿಲ್ಲೆಗೆ ಕರುಬಿದೆ. ನಾನು ಬೆರಳು ಚುಚ್ಚಿ, ಹಿಂಡಿ, ರಕ್ತದ ಹನಿಗಾಗಿ ಕಾಯುವಾಗ ಅವಳು ಸುಮ್ಮನೆ ಫೋನಿನತ್ತ ಕಣ್ಣು ಹಾಯಿಸುವಳು. ಅಲ್ಲಿ ಸೆನ್ಸರ್ ಕಳಿಸಿದ ಅಂಕಿ ಇರುತ್ತಿತ್ತು. ಅಂಕಿಯ ಪಕ್ಕದಲ್ಲಿ ಒಂದು ಬಾಣವೂ ಇರುತ್ತಿತ್ತು: ಸಕ್ಕರೆ ಏರುತ್ತಿದೆಯೋ, ಇಳಿಯುತ್ತಿದೆಯೋ, ನಿಂತಿದೆಯೋ ಎಂದು ತೋರಿಸುವ ಬಾಣ. ಮಾನ್ಯರೇ, ನನ್ನ ಹೊಟ್ಟೆಗೆ ಕಿಚ್ಚು ಹಚ್ಚಿದ್ದು ಆ ಬಾಣ.

ಅದರ ಬೆಲೆ ಒಂದು ಬೆಳಗ್ಗೆ ನನಗೆ ಅರ್ಥವಾಯಿತು. ತಿಂಡಿಗೆ ಕೂತಾಗ ಇಬ್ಬರ ಸಕ್ಕರೆಯೂ ನೂರ ಎಂಬತ್ತರ ಆಸುಪಾಸು.

"ನಂದು ಜೋರಾಗಿ ಇಳೀತಾ ಇದೆ ಅಕ್ಕಾ," ಎಂದಳು. "ಲೆಕ್ಕದ ಪ್ರಕಾರ ಹಾಕಿದ್ರೆ ಶಾಲೆ ಮುಟ್ಟೋದ್ರೊಳಗೆ ಮಲಗಿಬಿಡ್ತೀನಿ. ಇವತ್ತು ಕಡಿಮೆ ಮಾಡ್ಕೋತೀನಿ. ನಿಂದು?"

"ನಂದು ಬರೀ ನೂರ ಎಂಬತ್ತು," ಎಂದೆ.

"ಏರ್ತಾ ಇದ್ಯಾ, ಇಳೀತಾ ಇದ್ಯಾ?"

"ಅದನ್ನ ನನ್ನ ಬೆರಳನ್ನೇ ಕೇಳು," ಎಂದು ಸಿಡುಕಿದೆ. ಲೆಕ್ಕದ ಪ್ರಕಾರ ಬಂದಷ್ಟು ಇನ್ಸುಲಿನ್ ಪೂರ್ತಿ ಹಾಕಿಕೊಂಡು ಕೆಲಸಕ್ಕೆ ಹೋದೆ.

ನನ್ನದೂ ಇಳಿಯುತ್ತಿತ್ತು. ಕುರ್ಚಿಯಲ್ಲಿ ವಕೀಲರೊಬ್ಬರು ಕೂತಿದ್ದರು, ಅವರ ಎಡಗಿವಿಯ ಹಿಂದೆ ನನ್ನ ಕತ್ತರಿ ಇತ್ತು. ಬೆವರಿದ್ದನ್ನು ಸೆಖೆ ಅಂದುಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ಕನ್ನಡಿಯಲ್ಲಿ ಇಬ್ಬರು ವಕೀಲರು ಕಂಡರು. ಒಬ್ಬರನ್ನೇ ಸಂಭಾಳಿಸುವುದು ಕಷ್ಟ! ನಗಬೇಕೆನಿಸಿತು, ನಾಲಿಗೆ ಹೊರಳಲಿಲ್ಲ. ಸಲೂನಿನ ಯಜಮಾನಿ ಆ ಕಡೆಯಿಂದ ನೋಡಿದವಳೇ ಓಡಿಬಂದು ಕತ್ತರಿ ಕಿತ್ತುಕೊಂಡಳು.

"ಕೂತ್ಕೋ. ಬಾಯಿ ತೆಗಿ. ತೆಗಿ ಅಂದೆ!"

ನೀರಿಗೆ ಸಕ್ಕರೆ ಕಲಸಿ ಕುಡಿಸಿದಳು. ವಕೀಲರು ತಮ್ಮ ಕಿವಿ ಮುಟ್ಟಿ ಮುಟ್ಟಿ ನೋಡಿಕೊಂಡರು. ಕಿವಿ ಇತ್ತು. ನನ್ನ ನೌಕರಿಯೂ ಉಳಿಯಿತು. ಆದರೆ ಅಂದಿನಿಂದ ಯಜಮಾನಿ ನನಗೆ ಕ್ಷೌರದ ಕತ್ತಿ ಕೊಡುವುದಿಲ್ಲ.

ಮರುದಿನವೇ ಸೆನ್ಸರ್ ಕೋರಿ ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಗಾಜಿನ ಹಿಂದೆ ಕೂತಿದ್ದ ಗುಮಾಸ್ತರು ಸಭ್ಯರು, ಅವರ ಮೇಲೆ ನನ್ನ ದೂರಿಲ್ಲ.

"ಬಿದ್ರಾ ಮೇಡಂ?"

"ಇಲ್ಲ, ಹಿಡಿದು ಕೂರಿಸಿದ್ರು."

"ಪ್ರಜ್ಞೆ?"

"ಅರ್ಧ ಇತ್ತು."

"ಅರ್ಧಕ್ಕೆ ಇಲ್ಲಿ ಕಾಲಂ ಇಲ್ಲ ಮೇಡಂ."

ಹೇಳಿ ಮಾನ್ಯರೇ, ನಾನೇನು ಮಾಡಬೇಕಿತ್ತು? ಯಜಮಾನಿಯ ಕೈ ಕೊಡವಿ, ವಕೀಲರ ಕಿವಿಯನ್ನೂ ಜೊತೆಗೆ ತೆಗೆದುಕೊಂಡು ನೆಲಕ್ಕೆ ಉರುಳಬೇಕಿತ್ತೇ? ಜೀವ ಉಳಿಸುವ ಉಪಕರಣ ಬೇಕಾದರೆ ಮೊದಲು ಜೀವ ಹೋಗುವ ಹಾಗಾಗಬೇಕು ಎಂಬ ತತ್ವವನ್ನು ನೀವು ಅಗ್ನಿಶಾಮಕ ದಳದವರಿಗೂ ಕಲಿಸಿದ್ದೀರೇನು? ಮನೆ ಎರಡು ಸಲ ಸುಟ್ಟ ಮೇಲೆ ನೀರು?

ಆ ದಿನದಿಂದ ನನ್ನ ಮತ್ಸರ ಮುಚ್ಚುಮರೆಯಿಲ್ಲದ್ದಾಯಿತು. ಸಕ್ಕರೆ ತೀರಾ ಇಳಿದಾಗ ತಂಗಿಯ ಫೋನ್ ಟಿಂ ಎಂದು ಎಚ್ಚರಿಸಿದರೆ ನನ್ನ ಮುಖ ಗಂಟಾಗುತ್ತಿತ್ತು. "ಮಹಾರಾಣಿಗೆ ಓಲೆ ಬಂತು ನೋಡಮ್ಮ," ಎನ್ನುತ್ತಿದ್ದೆ. ಅವಳು ತೋಳು ಮುಚ್ಚುವ ಬಟ್ಟೆ ತೊಡತೊಡಗಿದಳು. ಆಮೇಲೆ ಅಂಕಿ ನೋಡಲು ಎದ್ದು ಕೋಣೆಗೆ ಹೋಗತೊಡಗಿದಳು. ನಾನು ಗೆದ್ದೆ ಅಂದುಕೊಂಡೆ.

ಒಂದು ರಜೆಯ ಮಧ್ಯಾಹ್ನ ಮೂವರೂ ಊಟ ಮುಗಿಸಿ ಕೂತಿದ್ದೆವು. ತಂಗಿ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ನೀರು ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಅವಳು ಬಗ್ಗಿಸುತ್ತಲೇ ಇದ್ದಳು. ಅಮ್ಮ "ಏಯ್, ಎಲ್ನೋಡ್ತಾ ಇದೀಯ?" ಎಂದು ಬೈದಳು. ನಾನು ಅವಳ ಕಣ್ಣು ನೋಡಿದೆ. ಅದು ನನಗೆ ಗೊತ್ತಿದ್ದ ನೋಟ. ಸಲೂನಿನ ಕನ್ನಡಿಯಲ್ಲಿ ನನ್ನದೇ ಕಣ್ಣಲ್ಲಿ ಕಂಡಿದ್ದೆ. ಸಕ್ಕರೆ ಡಬ್ಬಿ ಎಳೆದು, ನೀರಿಗೆ ಸುರಿದು, ಅವಳ ಗಲ್ಲ ಹಿಡಿದು ಕುಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಅವಳಾದಳು.

"ಫೋನ್ ಯಾಕೆ ಕೂಗ್ಲಿಲ್ಲ?" ಎಂದೆ.

"ಸದ್ದು ಆಫ್ ಮಾಡಿದ್ದೆ."

"ಯಾಕೆ?"

ತಲೆ ತಗ್ಗಿಸಿದಳು. "ನೀನು ಬೇಜಾರು ಮಾಡ್ಕೋತೀಯಲ್ಲ, ಅದಕ್ಕೆ."

ಅಮ್ಮ ಮೇಜು ಒರೆಸಿದಳು. ನಾನು ಅವಳ ಫೋನ್ ತೆಗೆದುಕೊಂಡು ಸದ್ದನ್ನು ಕೊನೆಯವರೆಗೂ ಏರಿಸಿಟ್ಟೆ. ಮತ್ಸರ ಅಂದಿಗೆ ಹೋಯಿತು ಎಂದು ಬರೆದರೆ ಸುಳ್ಳಾದೀತು. ಅದು ಇತ್ತು, ಆದರೆ ಅವಳು ಮತ್ತೆ ನನ್ನ ಪಕ್ಕದಲ್ಲೇ ಕೂತು ಅಂಕಿ ನೋಡತೊಡಗಿದಳು, ನಾನೂ ಬಗ್ಗಿ ಅವಳ ಬಾಣ ನೋಡುತ್ತಿದ್ದೆ. ನನ್ನದಲ್ಲದಿದ್ದರೂ ಮನೆಯಲ್ಲಿ ಒಂದು ಬಾಣವಿತ್ತು.

ಆಮೇಲೆ ನೀವು ನನ್ನ ಹೊಟ್ಟೆಕಿಚ್ಚಿಗೆ ಶಾಶ್ವತ ಮದ್ದು ಕೊಟ್ಟಿರಿ. ಸೆನ್ಸರ್ ನವೀಕರಣಕ್ಕೆ ತಂಗಿ ಹೋದಾಗ ನಿಮ್ಮವರು ಬರೆದುಕೊಟ್ಟರು: ಸೆನ್ಸರ್ ಹಾಕಿದ ಮೇಲೆ ನೀವು ಒಮ್ಮೆಯೂ ಬಿದ್ದಿಲ್ಲ, ಆದ್ದರಿಂದ ನಿಮಗೆ ಸೆನ್ಸರ್ ಅಗತ್ಯವಿಲ್ಲ. ಇದನ್ನು ಬರೆದ ಮಹಾನುಭಾವರು ಮಳೆಯಲ್ಲಿ ನೆನೆಯದವನ ಕೈಯಿಂದ ಕೊಡೆ ಕಿತ್ತುಕೊಳ್ಳುವವರೇ ಇರಬೇಕು. ಸುದ್ದಿ ಕೇಳಿದ ಕ್ಷಣ ನನ್ನೊಳಗೆ ಸಣ್ಣದೊಂದು ತೃಪ್ತಿ ಮಿಸುಕಿತು. ಅದನ್ನೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ನಿಯಮ ಮನುಷ್ಯರನ್ನು ಏನು ಮಾಡುತ್ತದೆಂಬುದು ನಿಮಗೆ ತಿಳಿಯಲಿ. ಅವಳು ಬಿಲ್ಲೆ ಕಿತ್ತ ಜಾಗವನ್ನು ಉಜ್ಜಿಕೊಳ್ಳುವುದನ್ನು ಕಂಡಾಗ ಆ ತೃಪ್ತಿಗೆ ನಾಚಿಕೊಂಡೆ.

ಈಗ ಇಬ್ಬರೂ ಬೆರಳು ಚುಚ್ಚಿಕೊಳ್ಳುತ್ತೇವೆ. ಅಷ್ಟು ದಿನ ಚುಚ್ಚದ ಅವಳ ಬೆರಳು ಮೆತ್ತಗಾಗಿ ಹೋಗಿದೆ, ಪ್ರತಿ ಸಲವೂ ಮುಖ ಹಿಂಡುತ್ತಾಳೆ. ಒಂದು ಬೆಳಗ್ಗೆ ಅಂಕಿ ನೋಡಿಕೊಂಡು, ಪಂಪ್ ಕೈಯಲ್ಲಿ ಹಿಡಿದು, ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಡುವ ನನ್ನ ತಂಗಿ ನನ್ನನ್ನು ಕೇಳಿದಳು:

"ಅಕ್ಕಾ, ಎಷ್ಟು ಹಾಕ್ಕೊಳ್ಳಲಿ?"

ಬಾಣವಿಲ್ಲದೆ ನನಗೂ ಅವಳಷ್ಟೇ ಗೊತ್ತು. ಇಬ್ಬರೂ ಅಂದಾಜು ಮಾಡಿದೆವು. ಅವಳು ಶಾಲೆಗೆ ಹೋದಳು. ಎರಡನೆಯ ಪಾಠದ ಮಧ್ಯೆ, ಕಪ್ಪುಹಲಗೆಯ ಮುಂದೆ, ಮಕ್ಕಳ ಕಣ್ಣೆದುರೇ ಬಿದ್ದಳು. ಮೇಜಿನ ಅಂಚು ಹಣೆಗೆ ಬಡಿದು ಹೊಲಿಗೆ ಬಿದ್ದಿದೆ. ಆಸ್ಪತ್ರೆಯಿಂದಲೇ ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಅದೇ ಸಭ್ಯ ಗುಮಾಸ್ತರು ವಿಚಾರಿಸಿ, ಬರೆದುಕೊಂಡು, ಮೆಲ್ಲಗೆ ಹೇಳಿದರು:

"ಈ ವರ್ಷ ಇದು ಮೊದಲ್ನೇದು ಮೇಡಂ. ಇನ್ನೊಂದಾಗ್ಲಿ."

ಮಾನ್ಯರೇ, ಆ ಇನ್ನೊಂದು ಆಗಬಾರದು. ಬೀಳುವುದನ್ನು ಅರ್ಹತೆಯೆಂದು ಎಣಿಸುವ ನಿಯಮವನ್ನು ರದ್ದು ಮಾಡಿ. ಪಂಪ್ ಕೊಟ್ಟ ಪ್ರತಿಯೊಬ್ಬರಿಗೂ ಸೆನ್ಸರ್ ಕೊಡಿ. ದಾರಿ ಕಾಣದವನಿಗೆ ಬರಿಯ ಗಾಡಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಎಲ್ಲರಿಗೂ ಒಮ್ಮೆಲೇ ಆಗದು ಎನ್ನುವಿರಾದರೆ ಮೊದಲು ನನ್ನ ತಂಗಿಯದನ್ನು, ಈ ವಾರವೇ, ಮರಳಿಸಿ. ನನ್ನ ಸರದಿ ಬರುವವರೆಗೆ ಅವಳ ತೋಳು ನೋಡಿ ಹೊಟ್ಟೆ ಉರಿದುಕೊಂಡು ಕೂರಲು ನಾನು ಮನಃಪೂರ್ವಕ ಸಿದ್ಧಳಿದ್ದೇನೆ. ಆ ಉರಿಯನ್ನು ಸಹಿಸಬಲ್ಲೆ. ಇದನ್ನು ಸಹಿಸಲಾರೆ.

ಇಂತಿ,
ಕರುಬಲು ಮನೆಯಲ್ಲಿ ಏನೂ ಉಳಿಯದ,
ಸದ್ಯಕ್ಕೆ ನಿಂತೇ ಇರುವ ಅಕ್ಕ