ಓದದೆ ಬಿಟ್ಟ ಮೂರನೇ ಕಲಮು

ಬರೋಡಾ, ಶನಿವಾರ
ತಾ. ೧೭–೬–೧೯೬೭

ಅಚ್ಯುತನಿಗೆ,

ನಿನ್ನ ತಾಯಿ ಶಾರದಾಬಾಯಿ ಬರೆಯುವುದು. ಆರೋಗ್ಯವಾಗಿದ್ದೀಯಾ? ಸೂರತ್ತಿನ ನೀರು ಹಿಡಿಸುತ್ತಿಲ್ಲ, ಹೊಟ್ಟೆ ಕೆಡುತ್ತದೆ ಎಂದು ಹೋದ ಹೊಸದರಲ್ಲಿ ನೀನು ಬರೆದಿದ್ದೆ. ಈಗ ಹಿಡಿಸಿರಬೇಕು. ಏಪ್ರಿಲ್ ತಿಂಗಳಲ್ಲಿ ನೋಡಿದಾಗ ನಿನ್ನ ಕತ್ತು ತುಂಬಿಕೊಂಡಿತ್ತು. ನನ್ನ ಮೊಣಕಾಲು ಹಾಗೇ ಇದೆ, ಅದನ್ನು ನಿನಗೆ ಹೇಳಿ ಏನಾಗಬೇಕು. ನಾನು ಅಲ್ಲಿಗೆ ಬರುವ ಮೊದಲೇ ನೀನು ಕಳಿಸಿದ್ದ ಸೀರೆಯನ್ನು ಇವತ್ತಿಗೂ ಬಿಚ್ಚಿಲ್ಲ. ಅದಕ್ಕೆ ಮುಂಚಿನ ಮೂರು ಪತ್ರಗಳಲ್ಲಿ ನಾನು ಒಂದೇ ಪ್ರಶ್ನೆ ಕೇಳಿದ್ದೆ. ಪ್ರಶ್ನೆಗೆ ಉತ್ತರವಾಗಿ ಸೀರೆ ಕಳಿಸುವ ಜಾಣತನ ನಿನಗೆ ಯಾರು ಕಲಿಸಿದರೋ ಗೊತ್ತಿಲ್ಲ. ನಿಮ್ಮ ಅಪ್ಪನಂತೂ ಅಲ್ಲ. ಮೂವತ್ತು ವರ್ಷ ರೈಲ್ವೆಯಲ್ಲಿ ಫಿಟ್ಟರಾಗಿದ್ದ ಆ ಮನುಷ್ಯ ತಪ್ಪಾದರೆ ತಪ್ಪಾಯಿತು ಎಂದು ಹೇಳಿ ಊಟಕ್ಕೆ ಕೂಡುತ್ತಿದ್ದರು.

ನಿನಗೆ ಮರೆವು ಬಂದಿದೆ ಎಂದು ಕಾಣುತ್ತದೆ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ಓದುವ ಪುರುಸೊತ್ತು ಮಾಡಿಕೋ. ಅಪ್ಪ ಹೋದ ಮೇಲೆ ಬರೋಡಾದ ರೈಲ್ವೆಯ ಮನೆ ಬಿಡಬೇಕಾಗಿ ಬಂದಾಗ ಮಕರಪುರದಾಚೆಯ ಈ ಹಳ್ಳಿಯಲ್ಲಿ ನಮಗೆ ಎರಡು ಖೋಲಿ ಕೊಟ್ಟವಳು ಜೀವಿಬೆನ್. ನಾವು ಯಾವ ಊರವರು, ಯಾವ ಜನ ಎಂದು ಕೇಳುವ ಮೊದಲು ಮಜ್ಜಿಗೆ ಕೊಟ್ಟಳು. ಅವಳೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡವಳು. ಅವಳದೂ ಅಕ್ಕಪಕ್ಕದ ಆರು ಮನೆಗಳದೂ ಸೇರಿ ಒಂದೇ ಬಾವಿ. ನೀನು ಆಗ ಮಕರಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅರವತ್ತೈದರ ಯುದ್ಧದ ದಿನಗಳಲ್ಲಿ ಡೀಸೆಲ್ ಸಿಗದೆ ಬಾವಿಯ ಎಂಜಿನ್ ನಿಂತಿತು, ಶೇಂಗಾ ಬಳ್ಳಿ ಕಾಯಿ ಕಟ್ಟುವ ಹೊತ್ತಿಗೆ ಮಣ್ಣು ಬಿರಿಯತೊಡಗಿತು. ಹೊಂಗೆ ಎಣ್ಣೆ ಹಾಕಿ ನೋಡು ಎಂದವಳು ನಾನು. ಗದಗಿನಲ್ಲಿ ನನ್ನ ತವರು ಗಾಣದ ಮನೆ, ನಾನು ಅಕ್ಷರ ಕಲಿತದ್ದೇ ಹೊಂಗೆ ಎಣ್ಣೆಯ ದೀಪದಲ್ಲಿ. ನೀನು ನಕ್ಕಿದ್ದೆ. "ಅವ್ವಾ, ಎಂಜಿನ್ ಅಂದ್ರ ಪಣತಿ ಅಂತ ತಿಳಕೊಂಡೀಯೇನು?" ಎಂದಿದ್ದೆ. ಆದರೂ ರಜೆಯ ದಿನವೆಲ್ಲ ಬಾವಿಕಟ್ಟೆಯಲ್ಲೇ ಕೂತೆ. ಎಣ್ಣೆ ಮಂದವಾಗಿ ಒಳಗೆ ಇಳಿಯುವುದಿಲ್ಲ ಎಂದು ಗೊತ್ತಾದಾಗ ಹೊಗೆ ಹೋಗುವ ಬಿಸಿ ಕೊಳವೆಗೆ ತಾಮ್ರದ ನಳಿಗೆ ಸುತ್ತಿ, ಅದರೊಳಗೆ ಎಣ್ಣೆ ಹರಿಸಿ ತೆಳುವಾಗಿಸಿದೆ. ಒಂದು ಲೋಟ ಡೀಸೆಲ್ಲಿನಿಂದ ಶುರುಮಾಡಿ ಆಮೇಲೆ ಹೊಂಗೆ ಎಣ್ಣೆಗೆ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ ನಡೆಯಿತು. ಜೀವಿಬೆನ್ ಅದಕ್ಕೆ ಕುಂಕುಮ ಹಚ್ಚಿದಳು. ನೀನು ಮುಖವೆಲ್ಲ ಮಸಿ ಮಾಡಿಕೊಂಡು ಹಲ್ಲು ಬಿಟ್ಟು ನಿಂತಿದ್ದೆ. ಆ ದಿನ ನಿನ್ನನ್ನು ಹೆತ್ತದ್ದು ಸಾರ್ಥಕ ಅನಿಸಿತ್ತು. ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ, ನೀನು ಏನನ್ನು ಹಾಳುಮಾಡಿದೆ ಎಂದು ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಅದರ ಮುಂದಿನ ಆರೇಳು ತಿಂಗಳು ಹೇಗಿದ್ದೆವು! ಹೊಲದಲ್ಲಿ ಶೇಂಗಾ, ನಡುನಡುವೆ ತೊಗರಿ, ಒಂದು ತುಂಡಿನಲ್ಲಿ ಎಳ್ಳು, ಬದುವಿನ ಸುತ್ತ ಹರಳೆಣ್ಣೆಯ ಔಡಲ. ರಸ್ತೆಬದಿಯ ಹೊಂಗೆ ಮರಗಳ ಕಾಯನ್ನು ಹೆಂಗಸರೆಲ್ಲ ಸೇರಿ ಆರಿಸಿ ತರುತ್ತಿದ್ದೆವು. ಬೆಳಿಗ್ಗೆ ಎಂಜಿನ್ ನೀರೆತ್ತುತ್ತಿತ್ತು, ಮಧ್ಯಾಹ್ನ ಪಟ್ಟಿ ಬದಲಿಸಿದರೆ ಗಾಣ ತಿರುಗುತ್ತಿತ್ತು. ಶೇಂಗಾ ಎಣ್ಣೆ, ಎಳ್ಳೆಣ್ಣೆ ಅಡುಗೆಗೆ. ಅವುಗಳ ಹಿಂಡಿ ಎಮ್ಮೆಗೆ. ಹೊಂಗೆ ಎಣ್ಣೆ ಎಂಜಿನ್ನಿಗೆ; ಹೊಂಗೆ, ಔಡಲದ ಹಿಂಡಿ ಮಣ್ಣಿಗೆ. ಅಡುಗೆ ಎಣ್ಣೆಯನ್ನೂ ಎಂಜಿನ್ನಿಗೆ ಸುರಿದರೆ ಹೇಗೆ ಎಂದು ಒಮ್ಮೆ ನೀನು ಕೇಳಿದಾಗ ಜೀವಿಬೆನ್ ಸೌಟು ಎತ್ತಿ ಹೇಳಿದ್ದು ನೆನಪಿದೆಯೇ? "ಖಾವಾನುಂ ತೆ ಖಾವಾನುಂ, ಬಾಳವಾನುಂ ತೆ ಬಾಳವಾನುಂ." ತಿನ್ನುವುದು ತಿನ್ನುವುದಕ್ಕೆ, ಸುಡುವುದು ಸುಡುವುದಕ್ಕೆ. ಅಷ್ಟೇ ನಮ್ಮ ಕಾಯಿದೆ. ಅದಕ್ಕೆ ಯಾರೂ ಸಹಿ ಮಾಡಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ.

ಆಮೇಲೆ ನೀನು ಸೂರತ್ತಿನಲ್ಲಿ ಎಣ್ಣೆ ಮಿಲ್ಲು, ಮಗ್ಗ ಎರಡೂ ಇರುವ ಆ ಶೇಠನನ್ನು ಕರೆತಂದೆ. ಎಣ್ಣೆಯಿಂದ ಓಡುವ ಎಂಜಿನ್ ನೋಡಲು ಬಂದ ಮನುಷ್ಯ ಎಂಜಿನ್ನಿಗಿಂತ ಹೆಚ್ಚಾಗಿ ಬದುವಿನ ಔಡಲವನ್ನು ನೋಡಿದ. ಹದಿನೈದು ದಿನಕ್ಕೆ ನಿನಗೆ ಅವನ ಮಿಲ್ಲಿನಲ್ಲಿ ಮೇಲಿನ ಕೆಲಸ. ತಿಂಗಳಿಗೆ ಕರಾರುಪತ್ರ ಬಂತು, ಏಳು ಮನೆಯವರನ್ನೂ ಜೀವಿಬೆನ್ ಅಂಗಳದಲ್ಲಿ ಕೂಡಿಸಿದೆ. ಗುಜರಾತಿ ಓದಲು ನನಗೂ ಬರುವುದಿಲ್ಲ, ಅವರಿಗೂ ಬರುವುದಿಲ್ಲ. ನೀನು ಓದಿದೆ. ಒಳ್ಳೆಯ ಬೀಜ ಕೊಡುತ್ತಾರೆ, ಬೆಳೆದ ಔಡಲವನ್ನು ಮಿಲ್ಲೇ ತೆಗೆದುಕೊಳ್ಳುತ್ತದೆ, ಹೀಗೆ ಎರಡು ಕಲಮು ಓದಿ ಹಾಳೆ ಮಡಚಿದೆ. ಜೀವಿಬೆನ್ ಹೆಬ್ಬೆಟ್ಟು ಎತ್ತಿಕೊಂಡು ನಿನ್ನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. "ಬೆನ್, ತಮೆ ಕಹೋ ಛೋ ನೆ? ತೋ ಬಸ್" ಎಂದಳು. ನೀನು ಹೇಳಿದರೆ ಸಾಕು ಎಂದಳು. ನಾನು ಹೇಳಿದೆ, ಅಚ್ಯುತ. ನನ್ನ ಮಗ ಓದಿದ್ದಾನೆ, ಒತ್ತು ಎಂದೆ.

ಮಳೆ ಬರುವ ಮೊದಲು ಲಾರಿ ಬಂತು. ಔಡಲದ ಬೀಜ ಇಳಿಸಿ ಎಂಜಿನ್ ಏರಿಸಿಕೊಂಡು ಹೋಯಿತು. ಮೂರು ವರ್ಷ ಎಲ್ಲ ಹೊಲಕ್ಕೂ ಔಡಲವೇ ಹಾಕಬೇಕು, ಎಂಜಿನ್ ಮಿಲ್ಲಿಗೆ ಸೇರಿದ್ದು ಎಂದು ಮೂರನೇ ಕಲಮಿನಲ್ಲಿ ಇದೆಯಂತೆ. ಲಾರಿಯ ಜೊತೆ ಬಂದ ಶೇಠನ ಗುಮಾಸ್ತ ಬೆರಳಿಟ್ಟು ತೋರಿಸಿದ. ನಾವು ಹಾಕಿದೆವು. ಬದುವಿನಲ್ಲಿದ್ದಾಗ ಔಡಲದ ಹುಳು ನಾಲ್ಕು ಎಲೆ ತಿಂದು ಸುಮ್ಮನಾಗುತ್ತಿತ್ತು. ಊರೆಲ್ಲ ಔಡಲವೇ ಆದಾಗ ಅದಕ್ಕೆ ಹಬ್ಬ. ನವರಾತ್ರಿಯ ಹೊತ್ತಿಗೆ ದಂಟು ಮಾತ್ರ ನಿಂತಿದ್ದವು. ಹೊಲದಲ್ಲಿ ನಿಂತರೆ ಹುಳು ಮೇಯುವ ಸದ್ದು ಕೇಳುತ್ತಿತ್ತು. ಮನೆಗಳಲ್ಲಿ ಒಗ್ಗರಣೆಗೆ ಎಣ್ಣೆಯಿಲ್ಲ, ಎಮ್ಮೆಗೆ ಶೇಂಗಾ ಹಿಂಡಿಯಿಲ್ಲ. ಫೆಬ್ರುವರಿಯಲ್ಲಿ ಜೀವಿಬೆನ್ ಸೊಸೆ, ಹೊಸದಾಗಿ ಬಂದ ಹುಡುಗಿ, ಹಿಂಡಿ ಎಲ್ಲ ಒಂದೇ ಎಂದುಕೊಂಡು ಗೊಬ್ಬರಕ್ಕಿಟ್ಟ ಔಡಲದ ಹಿಂಡಿಯನ್ನು ನೆನೆಸಿ ಎಮ್ಮೆಗೆ ಇಟ್ಟಳು. ಅದು ವಿಷವೆಂದು ಅವಳಿಗೆ ಯಾರು ಹೇಳಬೇಕಿತ್ತು? ಎರಡು ದಿನ ಒದ್ದಾಡಿ ಎಮ್ಮೆ ಸತ್ತಿತು. ನನಗೆ ಮೊದಲ ದಿನ ಮಜ್ಜಿಗೆ ಬಂದದ್ದು ಆ ಎಮ್ಮೆಯದೇ. ಆ ಹುಡುಗಿ ಇವತ್ತಿಗೂ ಕೊಟ್ಟಿಗೆಯ ಕಡೆ ತಲೆಯೆತ್ತಿ ನೋಡುವುದಿಲ್ಲ.

ಆಗಲೇ ಇದನ್ನೆಲ್ಲ ಮೂರು ಪತ್ರಗಳಲ್ಲಿ ಬರೆದರೂ ನಿನ್ನಿಂದ ಸೀರೆ ಬಂತು, ಉತ್ತರ ಬರಲಿಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ನಾನೇ ಸೂರತ್ತಿಗೆ ಬಂದದ್ದು. ಸ್ಟೇಷನ್ ಎದುರಿನ ಉಡುಪಿ ಹೋಟೆಲಿನವರು ನನ್ನ ಕನ್ನಡ ಕೇಳಿ ಕಾಫಿ ಕೊಟ್ಟು, ನಿಮ್ಮ ಮಿಲ್ಲಿರುವ ಕತಾರ್‌ಗಾಮಿಗೆ ದಾರಿ ಹೇಳಿ, ತಮ್ಮ ಮಾಣಿಯನ್ನು ಬಸ್ಸಿನವರೆಗೆ ಕಳಿಸಿದರು. ಗುರುತಿಲ್ಲದವರು ಅಷ್ಟು ಮಾಡಿದರು. ನೀನು ಮಗ್ಗದ ಶೆಡ್ಡಿನ ಬಾಗಿಲಲ್ಲಿ ಶೇಠನ ಪಕ್ಕ ನಿಂತಿದ್ದೆ. ಯಾರು ಇವರು ಎಂದು ಅವನು ಕೇಳಿದ, ನೀನು "ಗಾಂವ್ ಕೀ ಹೈಂ" ಎಂದೆ. ಊರಿನವರಂತೆ. ನನ್ನ ಸೆರಗಿಗೆ ರೈಲಿನ ಮಸಿ ಹತ್ತಿತ್ತು ನಿಜ, ನಾನು ಬರಿಗಾಲಿನಲ್ಲಿದ್ದೆ ನಿಜ. ಶೇಠ ಒಳಗೆ ಹೋದ ಮೇಲೆ ನನ್ನನ್ನು ನೀರಿನ ತೊಟ್ಟಿಯ ಹಿಂದೆ ಕರೆದೊಯ್ದೆ. ಅಲ್ಲಿಂದಲೇ ನಮ್ಮ ಎಂಜಿನ್ ಕಾಣುತ್ತಿತ್ತು, ಡೀಸೆಲ್ ಕುಡಿದು ಮಗ್ಗ ಓಡಿಸುತ್ತಿತ್ತು. ಮೂರನೇ ಕಲಮನ್ನು ಯಾಕೆ ಓದಲಿಲ್ಲ ಎಂದು ನಾನು ಕೇಳಿದೆ. ನೀನು ನೆಲ ನೋಡಲೂ ಇಲ್ಲ, ನೇರ ನನ್ನನ್ನೇ ನೋಡಿ ಹೇಳಿದೆ: "ಓದಿದ್ರ ಅವರು ಹೆಬ್ಬಟ್ಟು ಒತ್ತತಿದ್ರೇನವ್ವಾ?"

ಕಣ್ಣು ತಪ್ಪಿ ಬಿಟ್ಟುಹೋಗಿರಬಹುದು, ಹುಡುಗನಿಗೂ ಮೋಸವಾಗಿರಬಹುದು ಎಂದು ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಆಸರೆಯನ್ನೂ ನೀನು ಉಳಿಸಲಿಲ್ಲ.

ಮನೆಗೆ ಬಂದು ನೀನು ಹೇಳಿದ ಮಾತನ್ನು ಜೀವಿಬೆನ್‌ಗೆ ನನ್ನ ಹರಕು ಗುಜರಾತಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಖೋಲಿ ಬಿಡು ಎಂದರೆ ಬಿಡುತ್ತೇನೆ ಎಂದೆ. ಅವಳು ಐದು ದಿನ ಬಾವಿಗೆ ಒಬ್ಬಳೇ ಹೋಗಿ ಬಂದಳು. ಆರನೇ ದಿನ ತನ್ನ ತವರಿಗೆ ಹೋಗಿ ಶೇಂಗಾ ಬೀಜ, ಎಳ್ಳು ತಂದಳು. ತಂದು ನನ್ನ ಮುಂದೆ ಇಳಿಸಿ, ಆರಿಸಿ ಕೊಡು ಎಂದಳು. ಅಷ್ಟೇ. ಏಳು ಮನೆಯವರೂ ಕೂಡಿ ಮಾತಾಡಿ ಔಡಲವನ್ನು ಮತ್ತೆ ಬದುವಿಗೆ ಅಟ್ಟಿದ್ದೇವೆ. ಮೊನ್ನೆ ಗುರುವಾರ ಮಳೆ ಬಿತ್ತು, ನಿನ್ನೆ ಬಿತ್ತಿದೆವು. ಕರಾರು ಮುರಿದವರು ಎಂದು ನಮ್ಮನ್ನು ಕರೆಯುತ್ತಾರೆ, ಕರೆಯಲಿ.

ನಿನ್ನ ಮೈ ಗಟ್ಟಿಯಾಗಿರಲಿ. ಬೇರೆ ಯಾವ ಆಶೀರ್ವಾದವೂ ಈಗ ಕೈಯಿಂದ ಬರುತ್ತಿಲ್ಲ.

ಇತಿ,
ಶಾರದಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಾಲೂಕು ಕಚೇರಿಯ ಜವಾನ ಬಂದುಹೋದ. ಶೇಠನ ಗುಮಾಸ್ತ ದೂರು ಕೊಟ್ಟಿದ್ದಾನೆ. ಸೋಮವಾರ ೨೬ನೇ ತಾರೀಖು ಹನ್ನೊಂದು ಗಂಟೆಗೆ ಮಾಮಲತದಾರರ ಮುಂದೆ ವಿಚಾರಣೆ. ಮೂರನೇ ಕಲಮನ್ನೂ ಓದಿ ಹೇಳಿದ್ದೆ ಎಂದು ನೀನು ಸಾಕ್ಷಿ ಹೇಳುತ್ತೀಯ ಎಂದು ಅದರಲ್ಲಿ ನಿನ್ನ ಹೆಸರು ಬರೆದಿದ್ದಾರಂತೆ. ಎದುರು ಸಾಕ್ಷಿಯಾಗಿ ನನ್ನ ಹೆಸರನ್ನು ಈಗಷ್ಟೇ ಆ ಜವಾನನ ಕಾಗದದಲ್ಲಿ ಬರೆಸಿದೆ. ನೀನು ನಿಜ ಹೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ಸುಳ್ಳು ಹೇಳಿದರೆ ನೀರಿನ ತೊಟ್ಟಿಯ ಹಿಂದೆ ನೀನು ಹೇಳಿದ ಮಾತನ್ನು ಎಲ್ಲರ ಎದುರಿಗೆ ಹೇಳುತ್ತೇನೆ. ನೌಕರಿ ಹೋಗಲಿ, ಜೈಲಾಗಲಿ, ಹೇಳುತ್ತೇನೆ. ನಿನ್ನ ಸರದಿ ಮೊದಲು. ಹಾಗೆಂದು ನಾನೇ ಕೇಳಿ ಅದೇ ಕಾಗದದಲ್ಲಿ ಬರೆಸಿದ್ದೇನೆ.