ಮೀನಿನ ಮೂಲೆ

ಬೇಪೂರು
21 ಫೆಬ್ರವರಿ 2023, ಮಂಗಳವಾರ

ಪ್ರೀತಿಯ ಅಕ್ಕ, ನನ್ನ ಇತ್ತಾತ್ತಳಿಗೆ, ತಂಗಿ ಕದೀಶಳ ಸಲಾಂ.

ನೀನು ಸಿಟ್ಟಾಗಿದ್ದೀಯೆಂದು ಗೊತ್ತು. ಎರಡು ತಿಂಗಳಿಂದ ನನ್ನ ಕಾಗದವಿಲ್ಲ. ಫೋನಿನಲ್ಲಿ ಮಾತು ಶುರುಮಾಡಿದರೆ ನಿನ್ನ ಸೊಸೆ ಬಂದು ಕಿವಿ ಕೊಡುತ್ತಾಳೆ, ಅದಕ್ಕೇ ಬರೆಯಲು ಕುಳಿತೆ. ಮಂಡಿನೋವು ಹಾಗೇ ಇದೆ, ಸಕ್ಕರೆ ಕಾಯಿಲೆಯೂ ಎಲ್ಲಿಗೂ ಹೋಗಿಲ್ಲ. ನಗಬೇಡ, ನಾನೀಗ ವಿದ್ಯಾರ್ಥಿನಿ. ಅರವತ್ತೊಂದನೇ ವಯಸ್ಸಿನಲ್ಲಿ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತೇನೆ.

ಮಗಳು ಷಹನಾಳ ಮಗ ಐಮನ್‌ಗೆ ಆರು ತುಂಬಿತು, ಬಾಯಿಂದ ಒಂದು ಮಾತಿಲ್ಲ, ಆಟಿಸಂ ಅಂದಿದ್ದಾರೆ. ಅದೆಲ್ಲ ನಿನಗೆ ಗೊತ್ತಿರುವುದೇ. ಇಂಥ ಮಕ್ಕಳ ಜೊತೆ ಚಿತ್ರಗಳ ಪುಸ್ತಕದಿಂದ ಮಾತಾಡುವುದನ್ನು ಮನೆಯವರಿಗೆ ಕಲಿಸುವ ತರಬೇತಿ ಕೋಯಿಕ್ಕೋಡಿನಲ್ಲಿ ಶುರುವಾಯಿತು. ಷಹನಾಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ, ನಾನೇ ಹೊರಟೆ. ಮಗುವಿಗೆ ಏನು ಬೇಕು ಏನು ಬೇಡ ಎನ್ನುವುದು ಒಂದೇ ಒಂದು ಸಲ ಅವನಿಂದಲೇ ತಿಳಿದರೆ ಸಾಕಿತ್ತು ನನಗೆ.

ಕಲಿಸುವವಳು ಜಿಷಾ ಟೀಚರ್. ಕಡ್ಡಿಯಂಥ ಹುಡುಗಿ, ಇಪ್ಪತ್ತಾರು ದಾಟಿರಲಾರದು. ಇವಳೇನು ನನಗೆ ಕಲಿಸುವುದು ಅಂದುಕೊಂಡೆ. ಮೊದಲ ದಿನವೇ, ಮಧ್ಯಾಹ್ನದ ತನಕ ಯಾರೂ ಬಾಯಿ ಬಿಡಕೂಡದು, ಬೇಕಾದ್ದನ್ನು ಚಿತ್ರ ತೋರಿಸಿಯೇ ಕೇಳಬೇಕು ಎಂದಳು. ನನ್ನ ಪಾಡು ನೀನೇ ಊಹಿಸಿಕೋ. ಚಹಾಕ್ಕೆ ಚಿತ್ರವಿತ್ತು, ಸಕ್ಕರೆ ಬೇಡ ಎನ್ನಲು ಇರಲಿಲ್ಲ. ಕೈಬಾಯಿ ತಿರುಗಿಸಿದೆ, ಯಾರಿಗೂ ತಿಳಿಯಲಿಲ್ಲ. ಪಾಯಸದಂಥ ಚಹಾ ಕುಡಿಯುತ್ತ ನನಗೆ ಅಳುವೇ ಬಂತು. ಆ ಹುಡುಗಿ ಪಕ್ಕದಲ್ಲಿ ಬಂದು ಕೂತಳು.

"ಉಮ್ಮಾ, ಐಮನ್ ಆರು ವರ್ಷದಿಂದ ಈ ಚಹಾನೇ ಕುಡೀತಿದಾನೆ."

ಅವತ್ತಿನಿಂದ ನನ್ನ ಬಾಯಲ್ಲಿ ಅವಳು 'ಅವರು' ಆದಳು.

ಪುಸ್ತಕದ ಪ್ರತಿ ಪುಟದಲ್ಲೂ ಮುಖ್ಯ ಮಾತುಗಳಿಗೆ ಖಾಯಂ ಜಾಗ. ಬೇಕು ಎನ್ನುವುದು ಮೇಲೆ ಎಡಕ್ಕೆ, ಸಾಕು ಎನ್ನುವ 'ಮತಿ' ಕೆಳಗೆ ಬಲಮೂಲೆಗೆ. ಎಷ್ಟು ಪುಟ ತಿರುವಿದರೂ ಜಾಗ ಕದಲಬಾರದು, ಕೈಗೆ ದಾರಿ ರೂಢಿಯಾಗುತ್ತದಂತೆ. ಐಮನ್‌ನನ್ನೂ ಕರೆದೊಯ್ಯುತ್ತಿದ್ದೆ, ಟೀಚರ್ ಅವನಿಗೂ ತಮ್ಮ ಪುಸ್ತಕದಲ್ಲೇ ರೂಢಿ ಮಾಡಿಸುತ್ತಿದ್ದರು. ಮನೆಗೂ ಒಂದು ಪುಸ್ತಕ ಬೇಕೆಂದಾಗ ನಾನು ಅಲ್ಲಿಂದಲೇ ಫೋನಿನಲ್ಲಿ ಪಟ್ಟಿ ಓದಿದೆ, ನಮ್ಮ ಮನೆಯವರು ಬರೆದುಕೊಂಡರು. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದ ಕೈ, ಕೇಳಬೇಕೇ. ಕಿವಿ ಮಾತ್ರ ಮಂದ. ನಾನು 'ಮತಿ' ಅಂದದ್ದು ಅವರಿಗೆ 'ಮತ್ತಿ' ಮೀನು ಅಂತ ಕೇಳಿಸಿದೆ. ಸಾಕು ಇರಬೇಕಾದ ಮೂಲೆಯಲ್ಲಿ ಬೆಳ್ಳಿ ಹೊಟ್ಟೆಯ ಬೂತಾಯಿ ಮೀನು ಬಂದು ಕೂತಿತು. ನಾನೂ ನೋಡಿದೆ, ಊಟದ ಸಾಮಾನು ಸೇರಿಸಿದ್ದಾರೆ ಅಂದುಕೊಂಡು ಸುಮ್ಮನಾದೆ. ಮೂಲೆಯ ವಿಚಾರ ನನ್ನ ತಲೆಗಿನ್ನೂ ಹತ್ತಿರಲಿಲ್ಲ.

ಒಂದು ದಿನ ತಲೆಗೆ ಎಣ್ಣೆ ಹಚ್ಚುವಾಗ ಐಮನ್ ಪುಸ್ತಕ ಎಳೆದುಕೊಂಡು ಮೀನಿನ ಮೇಲೆ ಬೆರಳಿಟ್ಟ. ಮನೆಯೆಲ್ಲ ಹಬ್ಬ. ಇವರು ಚೀಲ ಹಿಡಿದು ಬಂದರಿಗೇ ಓಡಿದರು. ಹುರಿದು ಮುಂದಿಟ್ಟರೆ ತಟ್ಟೆ ಎಸೆದ. ಮರುದಿನ ಸ್ನಾನದಲ್ಲೂ ಮೀನು, ಉಗುರು ಕತ್ತರಿಸುವಾಗಲೂ ಮೀನು. ಒಂಬತ್ತು ದಿನ ನಾನು ಹುರಿದೆ, ಒಂಬತ್ತು ದಿನ ಅವನು ಎಸೆದ. ಕೊನೆಗೆ ಗೋಡೆಗೆ ತಲೆ ಚಚ್ಚಿಕೊಂಡ. ಈ ಪುಸ್ತಕದ ಸಹವಾಸವೇ ಬೇಡ, ಅಟ್ಟಕ್ಕೆ ಹಾಕು ಎಂದು ಷಹನಾ ಅತ್ತಳು.

ಜಗಳಕ್ಕೆಂದೇ ಟೀಚರ್ ಹತ್ತಿರ ಹೋದೆ. ಅವರು, ಎಣ್ಣೆ ಹಚ್ಚುವಾಗಲೇ ಕೇಳುತ್ತಾನಾ, ಸ್ನಾನ ಮಾಡಿಸುವಾಗಲಾ ಎಂದು ವಿಚಾರಿಸಿ, ತಮ್ಮ ಪುಸ್ತಕವನ್ನು ನಮ್ಮದರ ಪಕ್ಕ ತೆರೆದಿಟ್ಟರು. ಅದೇ ಮೂಲೆ. ಅಲ್ಲಿ ತಡೆಯುವ ಎರಡು ಅಂಗೈ, ಇಲ್ಲಿ ಮೀನು. ಮೊದಲು ನಕ್ಕರು, ಆಮೇಲೆ ಮೀನಿನ ಮೇಲೆ ತಾವೇ ಬೆರಳಿಟ್ಟರು.

"ಅವನು ಚಿತ್ರ ನೋಡ್ತಿಲ್ಲ ಉಮ್ಮಾ, ಜಾಗ ಮುಟ್ತಿದಾನೆ. ಒಂಬತ್ತು ದಿನದಿಂದ ನಿಮಗೆ ಸಾಕು ಸಾಕು ಅಂತಿದಾನೆ."

ಮರುದಿನ ಬೆಳಿಗ್ಗೆ ಎಣ್ಣೆ ಹಚ್ಚಿದೆ. ಬೆರಳು ಮೀನಿಗೆ ಹೋಯಿತು. ನಾನೂ ಮೀನು ಮುಟ್ಟಿ "ಮತಿ" ಎಂದು ಕೈ ತೆಗೆದೆ. ಅವನು ಕಾದ. ನನ್ನ ಕೈ ಮತ್ತೆ ತಲೆಗೆ ಬರುತ್ತದೇನೋ ಎಂದು ಹೆಗಲು ಬಿಗಿಹಿಡಿದು ಕಾದ. ಬರಲಿಲ್ಲ. ಆಮೇಲೆ ಮೆಲ್ಲಗೆ ಹಿಂದೆ ಸರಿದು ನನ್ನ ಎದೆಗೆ ಬೆನ್ನು ಕೊಟ್ಟು ಕೂತ, ತಾನಾಗಿಯೇ. ಇತ್ತಾತ್ತ, ಆ ಸಂತೋಷವನ್ನು ನಾನು ಹೇಗೆ ಬರೆಯಲಿ.

ಮೀನು ಅಳಿಸಿ ಅಂಗೈ ಬರೆಯಲು ಇವರು ಬಣ್ಣ ಕಲಸಿದ್ದರು. ಟೀಚರ್ ಬೇಡವೆಂದರು. ಅದೀಗ ಅವನ ಮಾತು, ನಮ್ಮ ತಪ್ಪಿಗೆ ಅವನ ಮಾತು ಬದಲಿಸುವುದು ಸರಿಯಲ್ಲವಂತೆ. ಎಂಥ ತಿಳಿವಳಿಕೆ ನೋಡು ಆ ಹುಡುಗಿಗೆ. ಈಗ ನಮ್ಮನೆಯಲ್ಲಿ ಮೀನು ಅಂದರೆ ಸಾಕು. ನನ್ನ ಮಾತು ಉದ್ದವಾದರೆ ನಮ್ಮ ಮನೆಯವರೂ ಮೀನು ತೋರಿಸುತ್ತಾರೆ.

ಕಣ್ಣಿನ ಆಪರೇಷನ್ನಿಗೆ ಹೆದರಬೇಡ. ಅಲ್ಲಾಹು ನಿನಗೂ ಮಕ್ಕಳಿಗೂ ಒಳ್ಳೆಯದು ಮಾಡಲಿ, ನಿನ್ನ ಕಣ್ಣು ಬೆಳಕಾಗಲಿ.

ನಿನ್ನ
ಕದೀಶ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಮಾತು ಬಾರದ ಮಕ್ಕಳ ಕೈ ಹಿಡಿದು ನಿಲ್ಲಿಸಬೇಡಿ, ಅದು ಬಾಯಿ ಮುಚ್ಚಿದ ಹಾಗೆ ಎಂದು ನಿನ್ನೆ ಟೀಚರ್ ಹೇಳಿದರು. ನಮ್ಮ ತಮ್ಮ ಮೊಯ್ದು ಕಣ್ಣ ಮುಂದೆ ಬಂದ. ಅವನಿಗೂ ಮಾತಿರಲಿಲ್ಲ, ಆಗ ಅದಕ್ಕೊಂದು ಹೆಸರೂ ಇರಲಿಲ್ಲ. ಬಾವಿಕಟ್ಟೆಯಲ್ಲಿ ನೀನು ಅವನ ತಲೆಗೆ ನೀರು ಹೊಯ್ಯುತ್ತಿದ್ದೆ. ಅವನು ಪರಚದಿರಲೆಂದು ಎರಡೂ ಕೈಗಳನ್ನು ಹಿಂದಕ್ಕೆಳೆದು ಹಿಡಿಯುತ್ತಿದ್ದವಳು ನಾನು. ಅವನು ತೀರಿಕೊಳ್ಳುವ ತನಕ ಪ್ರತಿ ಸ್ನಾನದಲ್ಲೂ ಹಿಡಿದೆ. ನಾನು ಅವನ ಬೆನ್ನ ಹಿಂದೆ ಇದ್ದೆ, ನೀನು ಎದುರಿಗಿದ್ದೆ, ಮುಖ ನೋಡಿದ್ದೀಯ. ಅವನು ಏನು ಹೇಳುತ್ತಿದ್ದ, ಇತ್ತಾತ್ತ? ನಿನಗೆ ಗೊತ್ತಿದ್ದರೆ ನನಗೆ ಬರೆ.